ಯಾರೂ ಇಲ್ಲದ ಮೂಲೆ

ರೋಂಡಾ ಜೋಲೀನಳ ಎಡ ಮೊಣಕಾಲಿಗೆ ಬಿಳಿ ಟೇಪು ಸುತ್ತುತ್ತಿದ್ದಳು. ಅರ್ಧ ಪಂದ್ಯ ಮುಗಿದಿತ್ತು. ಹಳೆಯ ಟೇಪು ಬೆವರಿಗೆ ಸಡಿಲಾಗಿ ಕಾಲಬುಡದಲ್ಲಿ ಬಿದ್ದಿತ್ತು.

"ಬಿಗಿಯಾಗಿ ಸುತ್ತೇ. ಅಜ್ಜಿಗೆ ಶಾಲು ಹೊದಿಸೋ ಹಾಗೆ ಸುತ್ತುತ್ತೀಯಲ್ಲ."

"ಅಜ್ಜಿಗೇ ಹೊದಿಸ್ತಿರೋದು."

"ನಿನಗಿಂತ ನಾಲ್ಕು ತಿಂಗಳು ಚಿಕ್ಕೋಳು ಕಣೇ ನಾನು. ಅದಿರಲಿ, ಆಗಿನ ಚೆಂಡು ನನಗ್ಯಾಕೆ ಎಸೀಲಿಲ್ಲ? ನನ್ನ ಹತ್ರ ಯಾರೂ ಇರ್ಲಿಲ್ಲ."

ರೋಂಡಾ ಹಲ್ಲಿನಿಂದ ಟೇಪು ಹರಿದಳು. ಚೆಂಡು ಹಿಡಿಯಲು ಓಡುವವರೆಲ್ಲ ಹೇಳುವ ಮಾತು ಅದು. ಮೈಮೇಲೆ ಇಬ್ಬರು ಬಿದ್ದಿದ್ದರೂ ಎದ್ದು ಬಂದು, ಹುಲ್ಲು ಕೊಡವಿಕೊಂಡು, ಅದನ್ನೇ ಹೇಳುತ್ತಾರೆ. ಒಹಾಯೋದ ಈ ಹೆಂಗಸರ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡನ್ನು ಕೈಯಲ್ಲಿಟ್ಟುಕೊಂಡು ಯಾರಿಗೆ ಎಸೆಯುವುದೆಂದು ತೀರ್ಮಾನಿಸುವ ಕ್ವಾರ್ಟರ್‌ಬ್ಯಾಕ್ ರೋಂಡಾ. ಅವಳು ಓಡುವವಳನ್ನು ನೋಡಿ ಎಸೆದವಳೇ ಅಲ್ಲ. ಅವಳನ್ನು ತಡೆಯಲು ಕಾಯುವ ಎದುರು ತಂಡದವಳ ಸೊಂಟ ನೋಡುತ್ತಾಳೆ. ಮುಖ ಮೋಸ ಮಾಡುತ್ತದೆ, ಭುಜ ಮೋಸ ಮಾಡುತ್ತದೆ. ಸೊಂಟ ಒಮ್ಮೆ ಒಂದು ಕಡೆಗೆ ತಿರುಗಿತೆಂದರೆ ಇನ್ನೊಂದು ಕಡೆ ಖಾಲಿ. ಆ ಖಾಲಿ ಕಣ್ಣಿಗೆ ಕಾಣುವ ತನಕ ಕಾದರೆ ತಡವಾಯಿತೆಂದೇ ಅರ್ಥ.

ಮೊದಲೆಲ್ಲ ಜೋಲೀನ್ ಓಟ ಕಿತ್ತರೆ ಸಾಕು, ಕಾಯುವವರು ಹೆದರಿ ಬೆನ್ನು ತಿರುಗಿಸಿ ಓಡುತ್ತಿದ್ದರು. ಈ ವರ್ಷ ಯಾರೂ ತಿರುಗುತ್ತಿಲ್ಲ. ಬಸ್ಸಿಗೆ ಕಾಯುವವರ ಹಾಗೆ ನಿಂತು ಅವಳು ಬರುವುದನ್ನೇ ನೋಡುತ್ತಾರೆ. ರೋಂಡಾಳಿಗೆ ಇದು ಗೊತ್ತು. ಗೊತ್ತಿದ್ದೂ ಪ್ರತಿ ಪಂದ್ಯದಲ್ಲಿ ಅವಳಿಗೆ ಒಂದೆರಡು ಚೆಂಡು ಎಸೆಯುತ್ತಾಳೆ. ಇವತ್ತು ಅಂಥದೊಂದನ್ನು ಎದುರಾಳಿ ಟೊಲಿಡೋದವರು ನಡುವೆಯೇ ಕಸಿದುಕೊಂಡು ಓಡಿದ್ದರು.

ಆ ಕಸಿದುಕೊಂಡ ಚೆಂಡೇ ಕೊನೆಯ ತನಕ ಕಾಡಿತು. ತಂಡ ನಾಲ್ಕು ಅಂಕ ಹಿಂದೆ. ಉಳಿದದ್ದು ಒಂದೇ ಎಸೆತದ ಅವಕಾಶ. ಗೋಲು ಗೆರೆಯಾಚೆ ಯಾರಾದರೂ ಚೆಂಡು ಹಿಡಿದರೆ ಆರು ಅಂಕ, ಇಲ್ಲವಾದರೆ ಈ ವರ್ಷದ ಆಟ ಇಲ್ಲಿಗೇ ಮುಗಿಯಿತು. ಎಲ್ಲರೂ ತಲೆಗೆ ತಲೆ ಕೊಟ್ಟು ಗುಂಪಾಗಿ ಬಗ್ಗಿದರು.

"ನನಗೆಸಿ. ಅವಳು ನನ್ನ ಹಿಡಿಯೋಳಲ್ಲ," ಎಂದಳು ಜೋಲೀನ್.

ಹೊಸ ಹುಡುಗಿ ಕಿಯಾರಾ ಕೈಗವಸು ಎಳೆದುಕೊಂಡಳು. ಬಲಗಡೆಯಿಂದ ಓಡುವವಳು ಅವಳು, ಎಡಗಡೆಯಿಂದ ಜೋಲೀನ್.

ಚೆಂಡು ಕೈಗೆ ಬಂತು. ರೋಂಡಾ ಹಿಂದಕ್ಕೆ ಸರಿಯುತ್ತ ಎಡಕ್ಕೆ, ಜೋಲೀನಳ ಕಡೆಗೆ ನೋಡಿದಳು. ಕಾಯುವವಳು ನೆಟ್ಟಗೆ ನಿಂತೇ ಇದ್ದಳು, ಸೊಂಟ ಮಿಸುಕಲಿಲ್ಲ. ಎಸೆಯಲಾಗದು. ಆದರೂ ಕಣ್ಣು ಕೀಳಲಿಲ್ಲ. ಅಷ್ಟರಲ್ಲಿ ಜೋಲೀನ್, ಇಷ್ಟು ವರ್ಷದಲ್ಲಿ ಎಂದೂ ಮಾಡದವಳು, ಓಡುತ್ತಲೇ ಕೈ ಮೇಲೆತ್ತಿ ಚೆಂಡು ಕೇಳಿದಳು. ನಡುವೆ ಕಾಯುತ್ತಿದ್ದ ಟೊಲಿಡೋದ ಗಟ್ಟಿಗಿತ್ತಿ ಆ ಕೈ ಕಂಡು ಎಡಕ್ಕೆ ಹಾರಿದಳು.

ರೋಂಡಾ ಬಲಕ್ಕೆ ಹೊರಳಿದಳು. ಕಿಯಾರಾಳ ಪಕ್ಕದಲ್ಲೇ ಕಾಯುವವಳು ಅಂಟಿಕೊಂಡಿದ್ದಳು, ಭುಜಕ್ಕೆ ಭುಜ. ಆದರೆ ಸೊಂಟ ಒಳಕ್ಕೆ ತಿರುಗಿತ್ತು. ಹಾಗಾದರೆ ಮೂಲೆ ಖಾಲಿ. ಯಾರೂ ಇಲ್ಲದ ಆ ಹುಲ್ಲಿನ ಮೂಲೆಗೆ ರೋಂಡಾ ಮೈಯಲ್ಲಿದ್ದ ಬಲವೆಲ್ಲ ಹಾಕಿ ಎಸೆದಳು. ಮರುಕ್ಷಣ ಎರಡು ಮೈಗಳು ಅವಳ ಮೇಲೆ ಬಿದ್ದವು. ಆಕಾಶ ಹೋಯಿತು, ಬಾಯಿಗೆ ಮಣ್ಣು ಬಂತು. ಚೆಂಡು ಎಲ್ಲಿ ಬಿತ್ತೆಂದು ಕಾಣಲಿಲ್ಲ. ಪ್ರೇಕ್ಷಕರ ಮೆಟ್ಟಿಲುಗಳ ಕಡೆಯಿಂದ ಮೊದಲು ಒಂದು ಮಗುವಿನ ಕಿರುಚಾಟ, ಆಮೇಲೆ ಇಡೀ ಮೈದಾನದ್ದು. ಯಾವ ಕಡೆಯವರದು? ಮೇಲೆ ಬಿದ್ದವಳು "ಥೂ" ಎಂದದ್ದು ಕಿವಿಯ ಹತ್ತಿರವೇ ಕೇಳಿಸಿತು. ಗೆದ್ದಿದ್ದೇವೆ ಎಂದು ಆಗ ಗೊತ್ತಾಯಿತು.

ಕಿಯಾರಾ ಚೆಂಡನ್ನು ಅವುಚಿಕೊಂಡೇ ಓಡಿಬಂದಳು. "ಕೈಗೇ ಬಂದು ಕೂತ್ಕೊಂತು ರೋಂಡಾ. ಜೋಲೀನ್ ಹೇಳಿಕೊಟ್ಟ ಹಾಗೇ ಮಾಡ್ದೆ."

"ಏನು ಹೇಳಿಕೊಟ್ಲು?"

"ಕೋಚ್ ಹೇಳಿದಷ್ಟು ದೂರ ಓಡ್ಬೇಡ, ಸ್ವಲ್ಪ ಮುಂಚೆನೇ ತಿರುಗು ಅಂತ. ನಿಮ್ಮ ಚೆಂಡು ಈಗೀಗ ಅಷ್ಟು ದೂರ ಬರೋದಿಲ್ವಂತೆ. ಹೋದ ವರ್ಷದಿಂದ ಜೋಲೀನ್ ಕೂಡ ಹಾಗೇ ಮಾಡ್ತಿದಾರಂತೆ." ಹುಡುಗಿ ಅಷ್ಟು ಹೇಳಿ, ಯಾರೋ ಎತ್ತಿಕೊಂಡಾಗ ನಗುತ್ತ ಗುಂಪಿನೊಳಗೆ ಹೋದಳು.

ರೋಂಡಾ ತನ್ನ ಬಲಗೈಯನ್ನು ನೋಡಿಕೊಂಡಳು. ಹೋದ ವರ್ಷದ ಒಂದೊಂದು ಎಸೆತವೂ ನೆನಪಾಯಿತು. ಎಲ್ಲವೂ ಜೋಲೀನಳ ಎದೆಗೇ ಹೋಗಿ ಬಿದ್ದಿದ್ದವು. ನನ್ನ ಗುರಿ ತಪ್ಪುವುದಿಲ್ಲ ಎಂದುಕೊಂಡಿದ್ದಳು.

ಬೆಂಚಿನ ಮೇಲೆ ಜೋಲೀನ್ ಕಾಲು ಚಾಚಿ ಕೂತಿದ್ದಳು. ಮೊಣಕಾಲು ಟೇಪು ಮೀರಿ ಊದಿತ್ತು. ರೋಂಡಾ ಎದುರಿಗೆ ಮಂಡಿಯೂರಿ ಕತ್ತರಿ ತೆಗೆದುಕೊಂಡಳು.

"ಅಷ್ಟು ಹೊತ್ತು ನನ್ನೇ ನೋಡ್ತಿದ್ದೆ," ಎಂದಳು ಜೋಲೀನ್. "ಕೈ ಬೇರೆ ಎತ್ತಿದ್ದೆ. ನನ್ನ ಹತ್ರ ಯಾರೂ ಇರ್ಲಿಲ್ಲ ಕಣೇ."

ಅವಳ ಅಂಗಿಯ ಬೆನ್ನಿನ ಮೇಲೆ ಟೊಲಿಡೋದವರ ಎರಡು ಕೆಸರು ಅಂಗೈ ಗುರುತುಗಳು ಇನ್ನೂ ಹಸಿಯಾಗಿದ್ದವು.

"ಗೊತ್ತು," ಎಂದಳು ರೋಂಡಾ.

ಈ ಕಾಲಿನ ಮಾತನ್ನು ಜೋಲೀನ್ ತಾನಾಗಿ ಎತ್ತುವವಳಲ್ಲ. ಅವಳು ಎತ್ತುವ ತನಕ ಕಾದರೆ ತಡವಾಗುತ್ತದೆ. ಋತುವಿನ ಕೊನೆಯ ಪಂದ್ಯ ಮುಗಿದ ದಿನ, ನನ್ನ ಕೈ ಸೋತಿದೆ, ನಾನು ಆಟ ಬಿಡುತ್ತೇನೆ, ನೀನೂ ಜೊತೆಗೆ ಬಂದುಬಿಡು ಎಂದು ತಾನೇ ಮೊದಲು ಹೇಳುವುದು. ರೋಂಡಾ ಅದನ್ನು ಅಲ್ಲಿಯೇ ತೀರ್ಮಾನಿಸಿದಳು. ಆಮೇಲೆ, "ಅಲ್ಲಾಡ್ಬೇಡ ಅಜ್ಜಿ," ಎಂದು, ಊದಿದ ಚರ್ಮಕ್ಕೂ ಟೇಪಿಗೂ ನಡುವೆ ಇದ್ದ ಒಂದಿಷ್ಟು ಜಾಗ ಹುಡುಕಿ, ಕತ್ತರಿಯ ತುದಿಯನ್ನು ಒಳಗೆ ತೂರಿಸಿದಳು.