ಮುಚ್ಚಿದ ಡಬ್ಬಿಯ ಪರೀಕ್ಷೆ

ವೋಲ್ಟ್‌ಮೀಟರಿನ ಮುಳ್ಳು ಆರರ ಮೇಲೆ ಬಂದು ನಿಂತಿತು. ನಡುವಯಸ್ಸಿನ ವಿದ್ಯಾರ್ಥಿನಿ ಡಬ್ಬಿಗೆ ಜೋಡಿಸಿದ್ದ ರೆಸಿಸ್ಟರಿನ ತಿರುಗಣೆಯಿಂದ ಕೈ ತೆಗೆದು, “ಇಲ್ಲೇ ಸರ್, ಅತಿ ಹೆಚ್ಚು ಪವರ್ ಸಿಗೋದು,” ಎಂದಳು.

ವಿದ್ಯಾರ್ಥಿಗಳು ಗರಗಸ ಎಂದು ಕರೆಯುತ್ತಿದ್ದ ಪರೀಕ್ಷಕರು ಮುಚ್ಚಿದ ಕಪ್ಪು ಡಬ್ಬಿಯನ್ನು ಬೆರಳಿನಿಂದ ತಟ್ಟಿದರು. “ಇದರೊಳಗೆ ಏನೇನಿದೆ ಅಂತ ನೀವು ನೋಡೇ ಇಲ್ವಲ್ಲಮ್ಮ?”

“ಒಳಗೆ ಎಷ್ಟೇ ಗೋಜಲಿರಲಿ ಸರ್, ಹೊರಗಿನ ಈ ಎರಡು ತುದಿಗೆ ಅದು ಒಂದು ಬ್ಯಾಟರಿ, ಒಂದು ರೆಸಿಸ್ಟರ್ ಇದ್ದ ಹಾಗೆ, ಅಷ್ಟೇ. ಏನೂ ಜೋಡಿಸದೆ ಇದ್ದಾಗ ಹನ್ನೆರಡು ವೋಲ್ಟ್ ಇತ್ತು, ಈಗ ಅರ್ಧ ಆಗಿದೆ. ಅಂದ್ರೆ ಒಳಗಿನ ರೆಸಿಸ್ಟೆನ್ಸು, ಹೊರಗಿಂದು ಎರಡೂ ಸಮ. ಹಾಗಿದ್ದಾಗ್ಲೇ ಪವರ್ ಅತಿ ಹೆಚ್ಚು.”

“ಇನ್ನೂ ತಿರುಗಿಸಿದ್ರೆ ವೋಲ್ಟೇಜ್ ಏರುತ್ತೆ. ಪವರ್ರೂ ಏರಬೇಕಲ್ವಾ?”

ಬಾಗಿಲಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಅವಳ ಮಗಳು ಒಳಗೆ ಇಣುಕಿದಳು. ಮದುವೆಗೆ ಬಿಟ್ಟಿದ್ದ ಓದನ್ನು ಮಗಳ ಜೊತೆ ಮತ್ತೆ ಹಿಡಿದಿದ್ದ ಅಮ್ಮ, ಕಳೆದ ಸಲ ಇದೇ ಪ್ರಶ್ನೆಗೆ ಗಲಿಬಿಲಿಗೊಂಡು, ಸರಿಯಾಗಿ ನಿಲ್ಲಿಸಿದ್ದ ತಿರುಗಣೆಯನ್ನು ತಾನೇ ಮತ್ತೆ ತಿರುಗಿಸಿ ಕೆಡಿಸಿ ಫೇಲಾಗಿದ್ದಳು. ಇದು ಕೊನೆಯ ಅವಕಾಶ.

ಅಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದನಿ ಏರಿಸಿದಳು. “ವೋಲ್ಟೇಜ್ ಸ್ವಲ್ಪ ಏರುತ್ತೆ, ಕರೆಂಟ್ ಅದಕ್ಕಿಂತ ಬೇಗ ಇಳಿಯುತ್ತೆ. ಗುಣಿಸಿದ್ರೆ ನಷ್ಟಾನೇ. ನಾನಂತೂ ಇನ್ನು ಅದನ್ನ ಮುಟ್ಟಲ್ಲ. ಅನುಮಾನ ಇದ್ರೆ ನೀವೇ ತಿರುಗಿಸಿ ನೋಡಿ ಸರ್.”

ಪರೀಕ್ಷಕರು ಆಚೆಗೊಮ್ಮೆ, ಈಚೆಗೊಮ್ಮೆ ತಿರುಗಿಸಿದರು. ಎರಡು ಸಲವೂ ವೋಲ್ಟೇಜ್, ಕರೆಂಟ್ ತೋರಿಸುವ ಮೀಟರುಗಳನ್ನು ನೋಡಿ ಮನಸ್ಸಿನಲ್ಲೇ ಗುಣಿಸಿದರು. ಆಮೇಲೆ ಅಂಕಪಟ್ಟಿಗೆ ಸಹಿ ಹಾಕಿ, ಬಾಗಿಲ ಕಡೆ ತಿರುಗಿದರು.

“ನಿಮ್ಮಮ್ಮ ಪಾಸು. ಬಾ ಒಳಗೆ. ನಿನಗೀಗ ಬೇರೆ ಪ್ರಶ್ನೆ ಹುಡುಕಬೇಕು. ಇದರ ಉತ್ತರಾನ ಅವರು ಇಡೀ ಕಾಲೇಜಿಗೆ ಕೇಳೋ ಹಾಗೆ ಹೇಳಿಬಿಟ್ಟಿದಾರೆ.”