ಗುಂಡಿಗೆ ತೂತು

ಬಟ್ಟೆ ಸೀದ ವಾಸನೆ. ಅತ್ತೆಯ ಕೈಯಲ್ಲಿದ್ದ ಕತ್ತರಿ ಅರ್ಧಕ್ಕೇ ನಿಂತಿತು.

ಆ ವಾಸನೆ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಅಪ್ಪನ ಹೊಲಿಗೆ ಅಂಗಡಿಯಲ್ಲಿ ಒಮ್ಮೆ ಅವಳ ತಮ್ಮ ಗಿರಾಕಿಯೊಬ್ಬನ ಅಂಗಿಯನ್ನು ಇಸ್ತ್ರಿಯಲ್ಲಿ ಸುಟ್ಟು, ಮಂಚದಡಿ ತುರುಕಿ, ಏನೂ ಅರಿಯದವನಂತೆ ಪಾಠ ಓದುತ್ತ ಕೂತಿದ್ದ. ಅಂದಿನಿಂದ ಅತ್ತೆಯ ಮೂಗಿಗೆ ಅದು ಬರೀ ಸೀದ ವಾಸನೆಯಲ್ಲ. ಮನೆಯಲ್ಲಿ ಯಾರೋ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಸುಳಿವು.

ತಮ್ಮ ಈಗಿಲ್ಲ. ಅವನ ಹೆಂಡತಿಯೂ ಇಲ್ಲ. ಉಳಿದವಳು ಅವರ ಮಗಳು, ಕಾಲೇಜು ಹುಡುಗಿ. ಅತ್ತೆ ಅವಳನ್ನು ಕರೆಯುವುದು ತರಲೆ ಎಂದೇ. ಹುಟ್ಟುವಾಗಲೇ ತಾಯಿಯಿಂದ ಎಚ್‌ಐವಿ ಪಡೆದು ಬಂದ ಮಗು. ಹಲ್ಲುಜ್ಜಿದಷ್ಟೇ ಸಲೀಸಾಗಿ ದಿನವೂ ಮಾತ್ರೆ ನುಂಗುತ್ತಾಳೆ, ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತಾಳೆ. ಆದರೂ ಅವಳ ಡಾಕ್ಟರಮ್ಮ ಹೇಳಿದ್ದರು: "ಈ ವೈರಸ್ ಜೊತೆ ಬೆಳೆದವರ ಹೃದಯ ಬೇಗ ದಣಿಯಬಹುದು. ಚಿಕ್ಕ ವಯಸ್ಸಲ್ಲೇ ಒಂದು ಕಣ್ಣಿಟ್ಟಿರೋಣ." ಹೋದ ವಾರ ತರಲೆ ಒಬ್ಬಳೇ ಹೋಗಿ ಎದೆಯ ಸ್ಕ್ಯಾನ್ ಮಾಡಿಸಿಕೊಂಡು ಬಂದಿದ್ದಳು. ಹೋಗುವಾಗ ಚಪ್ಪಟೆಯಾಗಿದ್ದ ಚೀಲ ಬರುವಾಗ ಊದಿಕೊಂಡಿತ್ತು.

"ಏನೇ ಅದು?"

"ಪುಸ್ತಕ, ಅತ್ತೆ."

ಈಗ ಅತ್ತೆ ಚಪ್ಪಲಿ ಬಿಟ್ಟು, ಬೆಕ್ಕಿನ ಹೆಜ್ಜೆಯಿಟ್ಟು, ಒಳಕೋಣೆಯ ಬಾಗಿಲಿಗೆ ಕಿವಿಗೊಟ್ಟಳು. ತರಲೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು.

"ಡಾಕ್ಟ್ರೇ, ಗುಂಡಿಗೆ ತೂತು ದೊಡ್ಡದಾಗಿಬಿಟ್ಟಿದೆ... ಇಲ್ಲ, ಹೊಲಿದ್ರೂ ನಿಲ್ಲೋ ಹಾಗೆ ಕಾಣಲ್ಲ... ದಯವಿಟ್ಟು ಅತ್ತೆಗೆ ಮಾತ್ರ ಹೇಳ್ಬೇಡಿ. ಅವರು ತಡ್ಕೊಳ್ಳಲ್ಲ."

ಅತ್ತೆ ಗೋಡೆ ಹಿಡಿದುಕೊಂಡಳು.

ಅಳಲಿಲ್ಲ. ಮನೆಯ ಮುಂದಿನ ತನ್ನ ಹೊಲಿಗೆ ಅಂಗಡಿಗೆ ಬಂದು, ಬಟನ್ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದ ಆಲೂಗಡ್ಡೆ ಚಿಪ್ಸ್ ಬಾಯಿಗೆ ಹಾಕಿಕೊಂಡಳು. ದುಃಖಕ್ಕೂ ಖುಷಿಗೂ ಅವಳಿಗೆ ಅದೇ ಮದ್ದು. ಬೆರಳಿಗಂಟಿದ ಉಪ್ಪನ್ನು ನೆಕ್ಕುತ್ತ ತೀರ್ಮಾನಿಸಿದಳು: ತನಗೆ ಗೊತ್ತಾಗಿದೆ ಎಂಬುದು ಹುಡುಗಿಗೆ ಗೊತ್ತಾಗಬಾರದು.

ಮಾರನೆಯ ದಿನದಿಂದ ತರಲೆಯ ಊಟದಲ್ಲಿ ಉಪ್ಪು ಮಾಯವಾಯಿತು. ಎಣ್ಣೆಯೂ.

"ಅತ್ತೆ, ಇದು ಊಟಾನಾ, ಶಿಕ್ಷೆನಾ?"

"ಬಾಯ್ಮುಚ್ಕೊಂಡು ತಿನ್ನು."

"ಬಾಯಿ ಮುಚ್ಕೊಂಡು ಹೇಗ್ ತಿನ್ಲಿ?"

"ಚೀಲ ಇಲ್ಲಿ ಕೊಡು, ಬಸ್‌ಸ್ಟಾಪ್ ತನಕ ನಾನೇ ಹೊರ್ತೀನಿ."

ತರಲೆ ಗಾಬರಿಬಿದ್ದು ಚೀಲವನ್ನು ಎದೆಗವಚಿಕೊಂಡು ಓಡಿದಳು.

"ಓಡ್ಬೇಡ್ವೇ!" ಅತ್ತೆಯ ಕೂಗು ಬೀದಿಯ ಕೊನೆಯವರೆಗೂ ಕೇಳಿಸಿತು.

ರಿಪೋರ್ಟಿನ ದಿನ ಇಬ್ಬರೂ ತಂತಮ್ಮ ಊಟದ ಡಬ್ಬಿ ಹಿಡಿದು ಹೊರಟರು. ಆಸ್ಪತ್ರೆಯ ಲಿಫ್ಟ್ ಕೆಟ್ಟಿತ್ತು. "ಕೂತು ಕೂತು ಹತ್ತು, ನಿಧಾನ," ಎಂದು ಅತ್ತೆ ಹೇಳಿ ಮುಗಿಸುವಷ್ಟರಲ್ಲಿ ತರಲೆ ಮೇಲಿನ ಅಂತಸ್ತಿನಿಂದ ಇಣುಕುತ್ತಿದ್ದಳು. ಅತ್ತೆಗೆ ಮಾತ್ರ ಏದುಸಿರು, ತಲೆಯೊಳಗೆ ಢವಢವ. ನೆಲ ಒರೆಸುತ್ತಿದ್ದ ಆಯಾ ತಾನು ಕೂರುವ ಸ್ಟೂಲನ್ನು ತಂದು ಮೆಟ್ಟಿಲ ತಿರುವಿನಲ್ಲಿ ಇಟ್ಟು ಹೋದಳು. ಏದುಸಿರೆಲ್ಲ ಭಯಕ್ಕೆ ಆಗುತ್ತಿರುವುದು ಎಂದುಕೊಂಡಳು ಅತ್ತೆ.

ಡಾಕ್ಟರಮ್ಮ ಒಂದು ಕೈಯನ್ನು ಎದೆಯ ಮೇಲೆ ಒತ್ತಿಟ್ಟುಕೊಂಡೇ ರಿಪೋರ್ಟ್ ತೆರೆದರು. ಆ ಕೈ ಕಂಡೇ ಅತ್ತೆಯ ಜೀವ ಹಾರಿತು.

"ಡಾಕ್ಟ್ರೇ, ಮುಚ್ಚಿಡ್ಬೇಡಿ. ಗುಂಡಿಗೆ ತೂತಿನ ವಿಷಯ ನಂಗೆ ಗೊತ್ತು."

ಡಾಕ್ಟರಮ್ಮ ತರಲೆಯನ್ನು ನೋಡಿದರು. ತರಲೆ ನೆಲ ನೋಡಿದಳು.

"ಎಷ್ಟು ದೊಡ್ಡದು?"

"ಹೆಬ್ಬೆರಳು ಸಲೀಸಾಗಿ ತೂರುತ್ತೆ," ಎಂದರು ಡಾಕ್ಟರಮ್ಮ, ಸಂಕೋಚದಿಂದ.

ಅತ್ತೆ ಕುರ್ಚಿಗೆ ಕುಸಿದಳು. "ಏನೂ ಮಾಡಕ್ಕಾಗಲ್ವಾ?"

"ಅಯ್ಯೋ, ಅದಕ್ಯಾಕೆ ಇಷ್ಟು ಸಂಕಟ? ಪಿನ್ ಹಾಕ್ಕೊಂಡಿದೀನಲ್ಲ, ನಡೆಯುತ್ತೆ." ಡಾಕ್ಟರಮ್ಮ ಎದೆಯ ಮೇಲಿನ ಕೈ ತೆಗೆದರು.

ಬಿಳಿ ಕೋಟಿನ ನಡುವೆ ಬಾಯಿಬಿಟ್ಟುಕೊಂಡಿದ್ದ, ಬಟನ್ ತೂರಿಸುವ ಕಾಜಾ. ಅದರ ಪಕ್ಕ ಇಸ್ತ್ರಿ ಸುಟ್ಟ ಕಂದು ಕಲೆ. ಕೋಟಿನ ಅಂಚುಗಳನ್ನು ಹೇಗೋ ಸೇರಿಸಿ ಹಿಡಿದಿದ್ದ ಒಂದು ಪಿನ್.

"ಅವರ ಕೋಟಿನ ಗುಂಡಿ ಕಿತ್ತೋಗಿತ್ತು," ತರಲೆ ಗೊಣಗಿದಳು. "ನಮ್ಮತ್ತೆ ಟೈಲರ್, ನಂಗೂ ಬರುತ್ತೆ ಅಂತ ಜಂಬ ಕೊಚ್ಚಿ ತಗೊಂಡ್ ಬಂದೆ. ಹೊಸ ಗುಂಡಿ ದಪ್ಪ ಇತ್ತು. ಆ ಗುಂಡಿಗೆ ತೂತು ಕತ್ತರಿಸೋವಾಗ ಕೈ ಜಾರ್ತು."

"ಬಟನ್ನು, ಕಾಜಾ ಅನ್ನಕ್ಕೆ ಬಾಯಿ ಬರಲ್ವೇನೇ ನಿಂಗೆ!"

"ಕಾಜಾ ಅಂದ್ರೆ ಡಾಕ್ಟ್ರಿಗೆ ಅರ್ಥ ಆಗ್ಲಿಲ್ಲ, ಅತ್ತೆ. ಅದಕ್ಕೇ ಬಿಡಿಸಿ ಹೇಳ್ದೆ."

ಹುಡುಗಿ ವಾಪಸ್ ತಂದುಕೊಟ್ಟ ಆ ಕೋಟನ್ನೇ, ಅವಳ ಮನಸ್ಸು ನೋಯಬಾರದೆಂದು ತೊಟ್ಟು ಕೂತಿದ್ದ ಡಾಕ್ಟರಮ್ಮ ನಗು ತಡೆಯಲಾರದೆ ರಿಪೋರ್ಟ್ ಮುಂದಕ್ಕೆ ತಳ್ಳಿದರು. "ಇವಳ ಹೃದಯ ಚೆನ್ನಾಗಿದೆ. ಮಾತ್ರೆ ತಪ್ಪಿಸಿಲ್ಲ, ಓಡೋದು ಬಿಟ್ಟಿಲ್ಲ. ಹೀಗೇ ಇರ್ಲಿ, ಆಗಾಗ ಬಂದು ತೋರಿಸ್ಲಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು, ಬೆವರನ್ನೂ ಒರೆಸಿಕೊಂಡಳು. ಆ ಬೆವರನ್ನು ಡಾಕ್ಟರಮ್ಮ ನೋಡಿದರು. ಮಾತಾಡುತ್ತಲೇ ಅವಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. ನೋಡಿದರು. ಇನ್ನೊಂದು ತೋಳಿಗೆ ಸುತ್ತಿ ಮತ್ತೆ ನೋಡಿದರು. ನಗು ನಿಂತಿತು.

"ಮನೇಲಿ ಉಪ್ಪು ಜಾಸ್ತಿ ತಿನ್ನೋರು ಯಾರು?"

"ಇವಳೇ," ಎಂದಳು ಅತ್ತೆ, ರೆಪ್ಪೆ ಕೂಡ ಮಿಟುಕಿಸದೆ.

ಹೊರಗೆ ಬೆಂಚಿನ ಮೇಲೆ ಕೂತಾಗ ತರಲೆ, ಅಂಚಿನವರೆಗೂ ಚಿಪ್ಸ್ ತುಂಬಿದ್ದ ಅತ್ತೆಯ ಡಬ್ಬಿಯನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡು, ಉಪ್ಪಿಲ್ಲದ ತನ್ನ ಡಬ್ಬಿಯನ್ನು ಆ ಕೈಗಿಟ್ಟಳು.