ಮುಂದಿನ ಸಾಲಿನ ಹೆಂಗಸು

ಪರದೆಯ ಮೇಲೆ ರಾಕ್ ಬ್ಯಾಂಡಿನ ಹೆಸರು ಮೂಡಿದ್ದೇ ತಡ, ಥಿಯೇಟರಿನ ತುಂಬ ಶಿಳ್ಳೆ ಎದ್ದಿತು. ಅವಳು ಮಾತ್ರ ಸೀಟಿನಲ್ಲಿ ಇನ್ನಷ್ಟು ಕೆಳಕ್ಕೆ ಜಾರಿ, ಸ್ಕಾರ್ಫನ್ನು ಗಲ್ಲದವರೆಗೂ ಎಳೆದುಕೊಂಡಳು. ಕಾಲೇಜಿನ ದಿನಗಳಿಂದ ಈ ನಾಲ್ವರ ಹಾಡಿಲ್ಲದೆ ಅವಳಿಗೆ ಬೆಳಗಾದದ್ದೇ ಇಲ್ಲ. ಪಕ್ಕದಲ್ಲಿದ್ದ ಗಂಡ ಪಾಪ್‌ಕಾರ್ನ್ ಪೊಟ್ಟಣ ಮುಂದೆ ಹಿಡಿದ. ಬೇಡವೆಂದು ತಲೆಯಾಡಿಸಿದಳು. ಬಾಯಿಯ ಪಸೆಯೆಲ್ಲ ಆರಿಹೋಗಿತ್ತು.

ಹೆದರಿಕೆಗೆ ಕಾರಣವಿತ್ತು. ಎರಡು ವರ್ಷದ ಹಿಂದೆ ಈ ಸಾಕ್ಷ್ಯಚಿತ್ರದವರು ಹಳೆಯ ಅಭಿಮಾನಿಗಳನ್ನು ಹುಡುಕುತ್ತ, ಅವಳು ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿಗೂ ಬಂದಿದ್ದರು. ಅರ್ಧ ದಿನ ಕ್ಯಾಮೆರಾ ಮುಂದೆ ಕೂರಿಸಿ ಮಾತಾಡಿಸಿದ್ದರು. ಮೊದಮೊದಲು ಬಾಯಿ ತುಂಬ ಹೊಗಳಿದವಳು, ಯಾವ ಗಳಿಗೆಯಲ್ಲೋ, ಇಷ್ಟು ವರ್ಷ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದ ಒಂದು ಮಾತನ್ನು ಆಡಿಬಿಟ್ಟಿದ್ದಳು. ಆಗ ಗಾಯಕ ಬದುಕಿದ್ದ. ಅಭಿಮಾನಿಗಳೆಲ್ಲ ‘ಗುಡುಗು’ ಎಂದೇ ಕರೆಯುತ್ತಿದ್ದ ಆತ ಹೋದ ತಿಂಗಳು ತೀರಿಕೊಂಡ. ಸುದ್ದಿ ಕೇಳಿ ಅತ್ತ ಕಣ್ಣೀರು ಆರುವ ಮೊದಲೇ ಅವಳಿಗೆ ಆ ಮಾತು ನೆನಪಾಗಿತ್ತು. ನಿರ್ದೇಶಕಿಗೆ ಫೋನ್ ಮಾಡಿ, ದಯವಿಟ್ಟು ಅದೊಂದನ್ನು ತೆಗೆದುಹಾಕಿ ಎಂದು ಅಂಗಲಾಚಿದ್ದಳು. ಆಕೆ, ಅದಿಲ್ಲದೆ ಸಿನಿಮಾನೇ ನಿಲ್ಲೋದಿಲ್ಲ ಮೇಡಂ, ನೋಡಿದ ಮೇಲೆ ನೀವೇ ಹೇಳ್ತೀರಿ ಎಂದು ನಯವಾಗಿ ನುಣುಚಿಕೊಂಡಿದ್ದಳು.

ಕಾರ್ ಶೆಡ್ಡಿನಲ್ಲಿ ನಾಲ್ಕು ಹುಡುಗರು ಒಡಕು ಡ್ರಮ್ಮು ಇಟ್ಟುಕೊಂಡು ಅಭ್ಯಾಸ ಮಾಡುವುದು ಬಂತು. ಮೊದಲ ರೆಕಾರ್ಡು, ಮೊದಲ ಜಗಳ ಎಲ್ಲ ಬಂತು. ಗಂಡ ಕಾಲಲ್ಲೇ ತಾಳ ಹಾಕುತ್ತಿದ್ದ. ಅವಳಿಗೆ ಒಂದೂ ತಲೆಗೆ ಹೋಗಲಿಲ್ಲ. ಪರದೆಯ ಮೇಲೆ ಯಾರಾದರೂ ಅಭಿಮಾನಿ ಮಾತಾಡಲು ಶುರುಮಾಡಿದರೆ ಸಾಕು, ಮುಂದಿನವಳು ತಾನೇ ಎಂದು ಸ್ಕಾರ್ಫಿನೊಳಗೆ ಮುಖ ಹುದುಗಿಸುತ್ತಿದ್ದಳು. ಒಬ್ಬ ಪೋಸ್ಟ್‌ಮ್ಯಾನ್ ಹೊಗಳಿದ. ಒಬ್ಬ ಟೀಚರ್ ಹೊಗಳುತ್ತ ಹೊಗಳುತ್ತ ಅತ್ತೇಬಿಟ್ಟಳು.

“ನಿನ್ನದು ಕತ್ತರಿಸಿ ಹಾಕಿರ್ತಾರೆ ಬಿಡು. ನೀನು ಮಾತಾಡೋದು ಕೇಳ್ತಾ ಕೂರೋಕೆ ನನ್ನ ಬಿಟ್ರೆ ಇನ್ಯಾರಿಗೆ ಪುರುಸೊತ್ತಿದೆ?” ಎಂದ ಗಂಡ. ಸಮಾಧಾನ ಹೇಳುವುದು ಅವನಿಗೆ ಬರುತ್ತಿದ್ದದ್ದೇ ಹಾಗೆ.

ಅಷ್ಟರಲ್ಲಿ ಗಾಯಕನ ಗಂಟಲಿನ ಆಪರೇಷನ್ನಿನ ಕಾಲ ಬಂತು. ಇನ್ನು ಹಾಡಬಾರದು ಎಂದು ಡಾಕ್ಟರು ಹೇಳಿದ್ದು, ಆದರೂ ಬ್ಯಾಂಡು ಮತ್ತೆ ಊರೂರು ಸುತ್ತಿದ್ದು. ಅರ್ಧ ಖಾಲಿ ಬಿದ್ದ ಹಾಲುಗಳು. ಆ ಹಾಲುಗಳೆಲ್ಲ ಅವಳಿಗೆ ಗೊತ್ತು. ತಾನೂ ಹೋಗದಿದ್ದರೆ ಅವನ ಮನಸ್ಸಿಗೆ ಹೇಗಾದೀತು ಎಂದು ಲ್ಯಾಬಿಗೆ ರಜೆ ಹಾಕಿ, ಬಸ್ಸು ಹಿಡಿದು, ಎಷ್ಟು ದೂರವಾದರೂ ಹೋಗಿ ಬರುತ್ತಿದ್ದಳು.

ಆಮೇಲೆ ಇದ್ದಕ್ಕಿದ್ದಂತೆ ಗೋಡೆಯಗಲಕ್ಕೆ ಅವಳದೇ ಮುಖ. ನೆರೆತ ಕೂದಲು, ಕನ್ನಡಕ, ಕೆನ್ನೆಗೆ ಅಂಟಿದ, ಹಲ್ಲಿನ ಅಚ್ಚು ಹೊಯ್ಯುವ ಪ್ಲಾಸ್ಟರಿನ ಬಿಳಿ ಪುಡಿ.

“ಆಪರೇಷನ್ ಆದಮೇಲೆ ಅವರು ನಿಲ್ಲಿಸಬೇಕಿತ್ತು. ಆ ದನಿ ಅಲ್ಲಿಗೇ ಮುಗಿದಿತ್ತು. ಮೇಲಿನ ಸ್ವರಕ್ಕೆ ಹೋದಾಗ ಕತ್ತಿನ ನರ ಹಗ್ಗದ ಹಾಗೆ ಉಬ್ಬೋದು. ಅವರ ಮೇಲೆ ಪ್ರೀತಿ ಇದ್ದವರು ಯಾರಾದ್ರೂ ಒಬ್ರು ಹೋಗಿ, ಸಾಕು ಮಾಡಿ ಅನ್ನಬೇಕಿತ್ತು.”

ಥಿಯೇಟರು ತಣ್ಣಗಾಯಿತು. ಹಿಂದಿನ ಸಾಲಿನಲ್ಲಿ ಒಬ್ಬ ಗಂಡಸು ಎಲ್ಲರಿಗೂ ಕೇಳುವಂತೆಯೇ, “ಯಾರು ಈಯಮ್ಮ? ಇವಳೂ ಒಬ್ಬ ಅಭಿಮಾನಿಯಂತೆ,” ಎಂದ. ಅವಳ ಕಿವಿ ಕಾದು ಕೆಂಪಾಯಿತು. ಎದ್ದು ಹೋಗೋಣವೆಂದರೆ ಬಾಗಿಲವರೆಗೂ ಸಾಲಾಗಿ ಜನರ ಮಂಡಿಗಳು. ಗಂಡ ಅವಳ ಮುಂಗೈ ಹಿಡಿದು ಕೂತ.

ಪರದೆಯಲ್ಲಿ ಈಗ ಗುಡುಗು. ಕೃಶವಾಗಿದ್ದ, ಕತ್ತಿಗೆ ಮಫ್ಲರ್ ಸುತ್ತಿಕೊಂಡಿದ್ದ. ಎದುರಿಗೆ ತೆರೆದ ಲ್ಯಾಪ್‌ಟಾಪಿನಲ್ಲಿ ನಿರ್ದೇಶಕಿ ಅವನಿಗೆ ಇದೇ ಮಾತನ್ನು ಆಗಷ್ಟೇ ಕೇಳಿಸಿದ್ದಳು. ಅವನು ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಂಡ.

“ಅವರು ಹೇಳಿದ್ದು ನಿಜ,” ಎಂದ ಕೊನೆಗೆ, ಸವೆದ ದನಿಯಲ್ಲಿ. “ನಂಗೂ ಗೊತ್ತಿತ್ತು. ಇವತ್ತಿಗೆ ಸಾಕು ಅಂದ್ಕೊಂಡೇ ಪ್ರತಿ ಸಲ ಸ್ಟೇಜ್ ಹತ್ತೋನು. ಆದ್ರೆ ಮುಂದಿನ ಸಾಲಲ್ಲಿ, ಎಡಗಡೆ ಸ್ಪೀಕರ್ ಪಕ್ಕ, ಒಬ್ಬ ಹೆಂಗಸು ಬಂದು ನಿಲ್ತಾ ಇದ್ರು. ಯಾವ ಊರಾದ್ರೂ ಬರೋರು. ನಾನು ದನಿ ಮೇಲಕ್ಕೆ ಎತ್ತಿದ ತಕ್ಷಣ ಅವರು ಕಣ್ಣು ಮುಚ್ಕೊಳ್ಳೋರು, ಮೈಮರೆತು. ಆ ಮುಖ ನೋಡಿದ್ರೆ, ಇನ್ನೊಂದು ವರ್ಷ ಹಾಡೋಣ ಅನ್ನಿಸೋದು.”

ಅವನ ಮಾತು ಮುಗಿಯುವ ಮೊದಲೇ ಹಳೆಯ ಕಾರ್ಯಕ್ರಮವೊಂದರ ತುಣುಕು ಬಂತು. ಹಳದಿ ಜಾಕೆಟ್ಟು, ಬಣ್ಣ ಹಚ್ಚಿದ ಕಪ್ಪು ಕೂದಲು, ಸ್ಪೀಕರ್ ಪಕ್ಕದ ಕಂಬಿಯನ್ನು ಗಟ್ಟಿಯಾಗಿ ಹಿಡಿದ ಎರಡು ಕೈ, ಬಿಗಿದು ಮುಚ್ಚಿದ ಕಣ್ಣು. ಸ್ಟೇಜಿನ ಬೆಳಕು ಆ ಮುಖದ ಮೇಲೆ ಹರಿದು ಹೋಯಿತು. ಥಿಯೇಟರಿನಲ್ಲಿ ಅಲ್ಲಲ್ಲಿ ಮೂಗು ಸೇದುವ ಸದ್ದು.

“ನೋಡು, ಅಭಿಮಾನಿ ಅಂದ್ರೆ ಇವರು,” ಎಂದ ಹಿಂದಿನ ಸಾಲಿನವನು, ಗದ್ಗದಿತನಾಗಿ.

ಆ ಜಾಕೆಟ್ಟಿಗೆ ಎಷ್ಟೋ ಸಲ ಇಸ್ತ್ರಿ ಹಾಕಿಕೊಟ್ಟಿದ್ದ ಗಂಡನಿಗೆ ಗುರುತು ಹತ್ತಲು ಹೊತ್ತಾಗಲಿಲ್ಲ. ಸಂಭ್ರಮ ತಡೆಯಲಾರದೆ ಅವಳ ಕಿವಿಯ ಹತ್ತಿರ ಬಗ್ಗಿ, “ನೀನೇ ಅಲ್ವಾ?” ಎಂದ.

ಅವಳ ಕೈ ಅವನ ಕೈಯೊಳಗೆ ತಣ್ಣಗಾಗಿತ್ತು.

“ನೋಡೋಕಾಗದೆ ಕಣ್ಣು ಮುಚ್ಕೊಂಡಿದ್ದೆ ಕಣ್ರೀ,” ಎಂದಳು.